ಕುಡಿದು ಗಾಡಿ ಓಡಿಸಿ ಸಿಕ್ಕಾಕೊಂಡ್ರೆ: ಮಷಿನ್ ಊದೋದ್ರಿಂದ ಹಿಡಿದು ಲೈಸೆನ್ಸ್ ವಾಪಸ್ ಬರೋವರೆಗೆ

ಡ್ರಂಕ್ ಅಂಡ್ ಡ್ರೈವ್ ಅಂದ ತಕ್ಷಣ ನಮ್ ಜನಕ್ಕೆ ನೆನಪಾಗೋದು ಹತ್ತು ಸಾವಿರ ಅನ್ನೋ ನಂಬರ್ ಒಂದೇ. ಹೆಲ್ಮೆಟ್ ಇಲ್ದೆ ಸಿಕ್ಕಿಬಿದ್ರೆ ಐನೂರು ಕಟ್ಟಿ ರಶೀದಿ ಜೇಬಿಗೆ ಹಾಕ್ಕೊಂಡು ಹೋಗ್ತೀವಲ್ಲ, ಇದೂ ಅಂಥದ್ದೇ, ರೇಟ್ ಸ್ವಲ್ಪ ಜಾಸ್ತಿ ಅಷ್ಟೆ ಅಂದ್ಕೊಂಡಿರ್ತಾರೆ. ಅಲ್ಲ ಸ್ವಾಮಿ. ಮೋಟಾರು ವಾಹನ ಕಾಯ್ದೆ 1988ರಲ್ಲಿ 200ನೇ ಸೆಕ್ಷನ್ ಅಂತ ಒಂದಿದೆ, ಯಾವ್ಯಾವ ತಪ್ಪಿಗೆ ಪೊಲೀಸ್ರೇ ಸ್ಥಳದಲ್ಲಿ ದಂಡ ಹಾಕಿ ಕೇಸ್ ಮುಗಿಸ್ಬಹುದು ಅನ್ನೋ ಪಟ್ಟಿ ಅದ್ರಲ್ಲಿದೆ. ಕುಡಿದು ಓಡಿಸೋದು 185ನೇ ಸೆಕ್ಷನ್, ಅದು ಆ ಪಟ್ಟಿಯಲ್ಲಿ ಇಲ್ಲ. ಅಂದ್ರೆ ರೋಡಲ್ಲಿ ನೀವು ಕೊಡೋ ಹಾಗಿಲ್ಲ, ಅವ್ರು ತಗೊಳ್ಳೋ ಹಾಗಿಲ್ಲ, ನಿಮ್ಮ ಕೇಸು ಕೋರ್ಟಿಗೇ ಹೋಗ್ಬೇಕು, ಮ್ಯಾಜಿಸ್ಟ್ರೇಟ್ ಮುಂದೇನೇ ಮುಗೀಬೇಕು.

2019ರ ಸೆಪ್ಟೆಂಬರ್ 1ಕ್ಕೆ ಹೊಸ ದಂಡಗಳು ಬಂದಾಗ ಜನ ಗಲಾಟೆ ಮಾಡಿದ್ರು, ನಮ್ಮ ರಾಜ್ಯ ಸರ್ಕಾರ ಅದೇ ತಿಂಗಳು ಸುಮಾರು ದಂಡಗಳನ್ನ ಇಳಿಸ್ತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಬಂದಾಗ ಪೊಲೀಸ್ ಸ್ಟೇಷನ್ ಮುಂದೆಲ್ಲ ಕ್ಯೂ ನಿಂತಿತ್ತು. ಇವೆರಡೂ ನಡೆದಿದ್ದು ಪೊಲೀಸ್ರೇ ಮುಗಿಸಬಹುದಾದ ಕೇಸ್‌ಗಳಿಗೆ. "ಡಿಡಿ ಕೇಸ್‌ಗೂ ಡಿಸ್ಕೌಂಟ್ ಇದೆಯಾ" (ಡಿಡಿ ಅಂದ್ರೆ ಡ್ರಂಕ್ ಅಂಡ್ ಡ್ರೈವ್) ಅಂತ ಕೇಳೋರು ಈಗ್ಲೂ ಇದ್ದಾರೆ, ಇಲ್ಲ, ಅದು ಕೋರ್ಟ್ ಹಾಕೋ ದಂಡ.

ಈಗ ಒಂದೊಂದಾಗಿ ಬರೋಣ.

1. ಎಷ್ಟು ಕುಡಿದ್ರೆ ಕೇಸು

ಲಿಮಿಟ್ ಇರೋದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಮೂವತ್ತು ದಾಟಿದ್ರೆ ಅಪರಾಧ. ನೀವು ನೆಟ್ಟಗೆ ನಡೀತಿದ್ರೂ, ಮಾತು ತೊದಲದೇ ಇದ್ರೂ, "ನಂಗೇನೂ ಏರಿಲ್ಲ" ಅಂದ್ರೂ ಅದು ಲೆಕ್ಕಕ್ಕಿಲ್ಲ.

ಈ ಮೂವತ್ತು ಅಂದ್ರೆ ಎಷ್ಟು ಅನ್ನೋದನ್ನ ಬಾರ್ ಭಾಷೆಯಲ್ಲೇ ಹೇಳ್ತೀನಿ. ಎಪ್ಪತ್ತು ಕೆಜಿ ತೂಗೋ ಗಂಡಸು ಅಂತ ಇಟ್ಕೊಳ್ಳಿ. ಇಲ್ಲಿ ಸಿಗೋ ವಿಸ್ಕಿ ರಮ್ಮು ಬ್ರಾಂದಿ ಸಾಮಾನ್ಯವಾಗಿ 42.8 ಪರ್ಸೆಂಟ್. ಮೂವತ್ತು ಎಂಎಲ್‌ನ ಒಂದು ಪೆಗ್ಗಿಗೆ ಅಂದಾಜು 20 ಮಿಲಿಗ್ರಾಂ ಏರುತ್ತೆ, ಅರವತ್ತಕ್ಕೆ 40ರ ಮೇಲೆ, ನೈಂಟಿ ಪ್ಯಾಕೆಟ್ ಒಂದು ಖಾಲಿ ಮಾಡಿದ್ರೆ 60ರ ಮೇಲೆ, ಕ್ವಾರ್ಟರ್, ಅಂದ್ರೆ 180 ಎಂಎಲ್ ಕುಡಿದ್ರೆ 120 ದಾಟ್ತು. "ಬರೀ ಒಂದ್ ಬಿಯರ್ ಸಾರ್" ಅಂತ ಎಲ್ರೂ ಹೇಳ್ತಾರಲ್ಲ, ಆ ಒಂದು ಬಿಯರ್ 650 ಎಂಎಲ್‌ನ ಸ್ಟ್ರಾಂಗ್ ಬಾಟ್ಲಿ ಆಗಿದ್ರೆ, ಎಂಟು ಪರ್ಸೆಂಟ್ ಲೆಕ್ಕದಲ್ಲಿ, 80ರ ಮೇಲೇ ಹೋಗುತ್ತೆ, ಅಂದ್ರೆ ನೈಂಟಿಗಿಂತ ಜಾಸ್ತಿ. ಮೈಲ್ಡ್ ಬಾಟ್ಲಿ ಕೂಡ ಒಂದು ಪೂರ್ತಿ ಕುಡಿದ್ರೆ ಲಿಮಿಟ್ ದಾಟುತ್ತೆ. ಹೆಂಗಸರಿಗೆ, ತೂಕ ಕಮ್ಮಿ ಇರೋರಿಗೆ, ಖಾಲಿ ಹೊಟ್ಟೇಲಿ ಕುಡಿದೋರಿಗೆ ಇನ್ನೂ ಜಾಸ್ತಿ. ಇವೆಲ್ಲ ಅಂದಾಜು, ನಿಮ್ಮ ದೇಹ ನಿಮ್ಮದು, ಆದ್ರೆ ಒಂದು ಬಾಟ್ಲಿ ಕುಡಿದು ಮೂವತ್ತರೊಳಗೆ ಇರ್ತೀನಿ ಅನ್ನೋ ಆಸೆ ಬಿಟ್ಬಿಡಿ.

ಇಳಿಯೋದು ಮಾತ್ರ ನಿಧಾನ. ಲಿವರ್ರು ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಇಳಿಸುತ್ತೆ, ನಿಂಬೆಹಣ್ಣು ಮಜ್ಜಿಗೆ ಕಾಫಿ ತಣ್ಣೀರ ಸ್ನಾನ ಯಾವ್ದೂ ಅದನ್ನ ಓಡಿಸಲ್ಲ. ಒಂದು ಕ್ವಾರ್ಟರ್ ಜೊತೆಗೆ ಒಂದು ಸ್ಟ್ರಾಂಗ್ ಹಾಕಿ ರಾತ್ರಿ ಹನ್ನೆರಡಕ್ಕೆ ಮಲಗಿದೋನು ಬೆಳಿಗ್ಗೆ ಏಳು ಗಂಟೆಗೆ ಹಲ್ಲುಜ್ಜಿ ಇಡ್ಲಿ ತಿಂದು ಸ್ಕೂಟರ್ ಹತ್ತಿದ್ರೂ ಅವನ ರಕ್ತದಲ್ಲಿ ಇನ್ನೂ 60ಕ್ಕಿಂತ ಜಾಸ್ತಿನೇ ಇರೋ ಚಾನ್ಸ್ ಇದೆ. ಬೆಂಗಳೂರಲ್ಲಿ ಟ್ರಾಫಿಕ್ ಪೊಲೀಸ್ರು ಬೆಳ್ಬೆಳಿಗ್ಗೆ ಸ್ಕೂಲ್ ಬಸ್ ಡ್ರೈವರ್‌ಗಳನ್ನ ನಿಲ್ಲಿಸಿ ಊದಿಸೋದು ಇದೇ ಕಾರಣಕ್ಕೆ, ಸಿಕ್ಕಿಬೀಳೋರಲ್ಲಿ ಎಷ್ಟೋ ಜನಕ್ಕೆ ತಾವು ಇನ್ನೂ ಲಿಮಿಟ್ ಮೇಲಿದ್ದೀವಿ ಅನ್ನೋದೇ ಗೊತ್ತಿರಲ್ಲ. ಬೀಗರೂಟ, ಜಾತ್ರೆ, ಗೃಹಪ್ರವೇಶದ ಮಾರನೇ ದಿನ ಬೆಳಿಗ್ಗೆನೇ ಕಾರು ತಗೊಂಡು ಊರಿಂದ ವಾಪಸ್ ಹೊರಡೋರು ಇದನ್ನ ಸ್ವಲ್ಪ ಗಮನದಲ್ಲಿಟ್ಕೊಳ್ಳಿ.

ಇನ್ನೊಂದು, ಗಾಂಜಾ ಥರದ ಡ್ರಗ್ಸ್ ಹೊಡೆದು ಗಾಡಿ ಹಿಡಿತಕ್ಕೆ ಸಿಗದ ಸ್ಥಿತಿಯಲ್ಲಿ ಓಡಿಸಿದ್ರೂ ಇದೇ 185. ಮತ್ತೆ ಕಾನೂನಲ್ಲಿ "ಓಡಿಸೋದು ಅಥವಾ ಓಡಿಸೋಕೆ ಯತ್ನಿಸೋದು" ಅಂತ ಇದೆ, ಬಾರ್ ಮುಂದೆ ಬೈಕ್ ಮೇಲೆ ಕೂತು ಕಿಕ್ ಹೊಡೀತಿದ್ದಾಗ ಹಿಡಿದ್ರೂ "ನಾನಿನ್ನೂ ಹೊರಟೇ ಇರ್ಲಿಲ್ಲ" ಅನ್ನೋ ಮಾತು ನಡಿಯಲ್ಲ.

2. ಬ್ಯಾರಿಕೇಡ್ ಹತ್ರ ಕೈ ಅಡ್ಡ ಹಾಕಿದಾಗ

ಗಾಡಿ ಸೈಡಿಗೆ ಹಾಕಿ, ಎಂಜಿನ್ ಆಫ್ ಮಾಡಿ. ಕೊನೇ ಕ್ಷಣದಲ್ಲಿ ಯೂ ಟರ್ನ್ ಹೊಡೆದು ಒನ್‌ವೇಲಿ ನುಗ್ಗೋದು, ಫುಟ್‌ಪಾತ್ ಹತ್ತಿಸೋದು ಮಾಡೋಕೆ ಹೋಗಿ ಪ್ರಾಣ ಕಳ್ಕೊಂಡೋರಿದ್ದಾರೆ, ಅದ್ರಷ್ಟು ದಡ್ಡತನ ಇನ್ನೊಂದಿಲ್ಲ.

ನಿಮ್ಮನ್ನ ಊದಿಸೋ ಅಧಿಕಾರ ಇರೋದು ಯೂನಿಫಾರ್ಮ್‌ನಲ್ಲಿರೋ ಪೊಲೀಸ್ ಅಧಿಕಾರಿಗೆ, ಇಲ್ಲಾಂದ್ರೆ ಅಧಿಕಾರ ಕೊಟ್ಟಿರೋ ಆರ್‌ಟಿಒ ಅಧಿಕಾರಿಗೆ, 203ನೇ ಸೆಕ್ಷನ್ ಪ್ರಕಾರ. ಮಫ್ತಿಯಲ್ಲಿ ಬಂದು ಯಾರೋ ಕೀ ಕಿತ್ಕೊಂಡು "ಊದು" ಅಂದ್ರೆ ಯೂನಿಫಾರ್ಮ್‌ನಲ್ಲಿರೋ ಸಾಹೇಬ್ರು ಎಲ್ಲಿ ಅಂತ ಮರ್ಯಾದೆಯಾಗಿ ಕೇಳ್ಬಹುದು. ಮರ್ಯಾದೆಯಾಗಿ ಅನ್ನೋದನ್ನ ಬೇಕಂತಲೇ ಹೇಳ್ತಿದೀನಿ. 185 ಜಾಮೀನು ಸಿಗೋ ಅಪರಾಧ, ಸ್ಟೇಷನ್‌ನಲ್ಲೇ ಬೇಲ್ ಆಗುತ್ತೆ. ಆದ್ರೆ ಕುಡಿದ ಮತ್ತಲ್ಲಿ ಕಾನ್‌ಸ್ಟೇಬಲ್ ಕಾಲರ್‌ಗೆ ಕೈ ಹಾಕಿದ್ರೋ, ತಳ್ಳಾಡಿದ್ರೋ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿ ಹಲ್ಲೆ ಮಾಡಿದ್ರು ಅಂತ ಭಾರತೀಯ ನ್ಯಾಯ ಸಂಹಿತೆ 132 ಬೀಳುತ್ತೆ, ಅದು ಜಾಮೀನುರಹಿತ, ಎರಡು ವರ್ಷದವರೆಗೆ ಜೈಲು. "ನಾನ್ಯಾರ್ ಗೊತ್ತಾ" ಅಂತ ರೋಡಲ್ಲಿ ಕೂಗಾಡೋ ವಿಡಿಯೋಗಳು ಫೋನಿಗೆ ಬರ್ತಾನೇ ಇರ್ತಾವಲ್ಲ, ನೋಡಿ ನಗ್ತೀವಿ, ಆದ್ರೆ ಆ ಮನುಷ್ಯ ಹತ್ತು ಸಾವಿರದ ಕೇಸನ್ನ ಕೂಗಾಡಿ ಕೂಗಾಡಿ ಕೈಯಾರೆ ಜೈಲು ಕೇಸ್ ಮಾಡ್ಕೊಳ್ತಿರ್ತಾನೆ.

ಇಲ್ಲೇ "ಸೆಟಲ್‌ಮೆಂಟ್" ಮಾತು ಶುರು ಆಗೋದು. ನೀವೇ ಎತ್ತಿದ್ರೂ ಸರಿ, ಎದುರಿಗಿರೋರು ಎತ್ತಿದ್ರೂ ಸರಿ, ಮುಂದಕ್ಕೆ ಹೋಗ್ಬೇಡಿ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ತಿದ್ದುಪಡಿ ಆದ್ಮೇಲೆ ಲಂಚ ಕೊಟ್ಟೋನೂ ಅಪರಾಧಿನೇ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಡ್ಬೇಕಾಗಿ ಬಂದಿದ್ರೆ ಏಳು ದಿನದೊಳಗೆ ದೂರು ಕೊಟ್ಟೋರಿಗೆ ಮಾತ್ರ ರಕ್ಷಣೆ. ಹೆಚ್ಚಂದ್ರೆ ಆರು ತಿಂಗಳು ಜೈಲಿರೋ ಈ 185ರ ಕೇಸಿಂದ ತಪ್ಪಿಸ್ಕೊಳ್ಳೋಕೆ ಏಳು ವರ್ಷದ ಕೇಸಿಗೆ ಕೈ ಹಾಕೋದು ಯಾವ ಲೆಕ್ಕ ಹೇಳಿ.

3. ಮಷಿನ್ ಊದೋದು

ಮೊದ್ಲು ಮಷಿನ್‌ಗೆ ಹೊಸ ಸ್ಟ್ರಾ ಹಾಕಿಸ್ಕೊಳ್ಳಿ, ಕವರ್ ನಿಮ್ಮ ಮುಂದೇನೇ ಹರೀಲಿ, ಕೊರೋನಾ ಆದ್ಮೇಲಂತೂ ಇದನ್ನ ಕೇಳೋಕೆ ಸಂಕೋಚ ಬೇಕಾಗಿಲ್ಲ. ಊದೋಕೆ ಮುಂಚೆ ಸ್ಕ್ರೀನ್ ಮೇಲೆ ಸೊನ್ನೆ ಇದೆಯಾ ನೋಡಿ. ಇದು ಸುಮ್ನೆ ಹೇಳ್ತಿರೋದಲ್ಲ, ಖಾಲಿ ಗಾಳಿಗೇ ಮಷಿನ್ ಏನೋ ರೀಡಿಂಗ್ ತೋರಿಸ್ತಿತ್ತು ಅನ್ನೋ ಕಾರಣಕ್ಕೆ ಕೇರಳ ಹೈಕೋರ್ಟ್ 2025ರಲ್ಲಿ ಒಂದು ಕೇಸನ್ನ ರದ್ದು ಮಾಡಿದೆ. ಆಮೇಲೆ "ಊದಿ, ಊದಿ, ಇನ್ನೂ, ಇನ್ನೂ, ನಿಲ್ಲಿಸ್ಬೇಡಿ" ಅಂತ ಹೇಳ್ತಾರೆ, ಬೀಪ್ ಬರೋವರೆಗೂ ಒಂದೇ ಉಸಿರಲ್ಲಿ ಊದ್ಬೇಕು. ಕೆನ್ನೆ ಉಬ್ಬಿಸಿ ತುಟಿ ಪಕ್ಕದಿಂದ ಗಾಳಿ ಬಿಡೋದು, ಊದೋ ಬದ್ಲು ಎಳ್ಕೊಳ್ಳೋದು, ಇದನ್ನೆಲ್ಲ ಅವ್ರು ದಿನಾ ನೋಡ್ತಿರ್ತಾರೆ, ಮತ್ತೆ ಊದಿಸ್ತಾರೆ ಅಷ್ಟೆ. ಈರುಳ್ಳಿ, ಏಲಕ್ಕಿ, ಪಾನ್, ಚ್ಯೂಯಿಂಗ್ ಗಮ್ ಬಾಯಿ ವಾಸನೆಗೆ ಸರಿ, ಮಷಿನ್ ಅಳೆಯೋದು ಶ್ವಾಸಕೋಶದ ಒಳಗಿಂದ ಬರೋ ಗಾಳಿಯನ್ನ.

ಕುಡೀದೇ ಇದ್ದು ಪಾಸಿಟಿವ್ ಬಂದ್ರೆ? ಆಗುತ್ತೆ. ಆಲ್ಕೋಹಾಲ್ ಇರೋ ಮೌತ್‌ವಾಶ್, ಕೆಲವು ಹೋಮಿಯೋಪಥಿ ಔಷಧಿ, ಆಯುರ್ವೇದದ ಅರಿಷ್ಟ ಆಸವ ಕುಡಿದಿದ್ರೆ ಸ್ವಲ್ಪ ಹೊತ್ತು ಬಾಯಲ್ಲಿ ಉಳಿದಿರುತ್ತೆ. ಕೇರಳದ ಪಂದಳಂ ಡಿಪೋದಲ್ಲಿ 2025ರಲ್ಲಿ ಬಸ್ ಡ್ರೈವರ್‌ಗಳು ಬೆಳಿಗ್ಗೆ ಊದಿದ್ರೆ ಮಷಿನ್ ಕೂಗಿದೆ, ಕುಡಿದೋರು ಯಾರೂ ಇಲ್ಲ, ಕೊನೆಗೆ ನೋಡಿದ್ರೆ ಹುಳಿ ಬಂದ ಹಲಸಿನ ಹಣ್ಣು ತಿಂದಿದ್ರಂತೆ! ಹಲಸಿನ ಸೀಸನ್‌ನಲ್ಲಿ ನಮ್ಮ ಮಲೆನಾಡು ತುಮಕೂರು ಕಡೆಯೋರು ಹುಷಾರು. ಇಂಥದ್ದೇನಾದ್ರೂ ಆದ್ರೆ ಜಗಳ ಬೇಡ, ಬಾಯಿ ಮುಕ್ಕಳಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದ್ತೀನಿ ಅಂತ ಕೇಳಿ, ಅದಕ್ಕೂ ಒಪ್ಪದಿದ್ರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಬಾಯಲ್ಲಿದ್ದದ್ದು ಆ ಹೊತ್ತಿಗೆ ಇಳಿದಿರುತ್ತೆ, ರಕ್ತದಲ್ಲಿರೋದು ಇಳಿಯಲ್ಲ, ಹಾಗಾಗಿ ಕುಡಿದೋರು ಈ ಉಪಾಯ ಮಾಡಿ ಏನೂ ಗಿಟ್ಟಲ್ಲ.

"ನಾ ಊದೋದೇ ಇಲ್ಲ" ಅಂದ್ರೆ ಏನಾಗುತ್ತೆ? ಸುಮಾರು ಜನ ಇದನ್ನ ದೊಡ್ಡ ಬುದ್ಧಿವಂತಿಕೆ ಅಂದ್ಕೊಂಡಿದ್ದಾರೆ. ನೀವು ಕುಡಿದಿದ್ದೀರ ಅನ್ನೋ ಅನುಮಾನಕ್ಕೆ ಸರಿಯಾದ ಕಾರಣ ಇದ್ರೆ ವಾರಂಟ್ ಇಲ್ದೇನೇ ಅರೆಸ್ಟ್ ಮಾಡ್ಬಹುದು, 204ರ ಪ್ರಕಾರ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ ರಕ್ತ ತೆಗೆಸ್ಬಹುದು, ಅದಕ್ಕೂ ಒಲ್ಲೆ ಅಂದ್ರೆ 205ರ ಪ್ರಕಾರ ಆ ನಿರಾಕರಣೆಯನ್ನೇ ಕೋರ್ಟು ನಿಮ್ಮ ವಿರುದ್ಧದ ಸಾಕ್ಷಿಗೆ ಪುಷ್ಟಿ ಅಂತ ತಗೋಬಹುದು. ನಿಮ್ಮ ಕಡೆಗೂ ಒಂದು ರಕ್ಷಣೆ ಇದೆ. 185ರಲ್ಲಿ ಅರೆಸ್ಟ್ ಮಾಡಿದ್ರೆ ಎರಡು ಗಂಟೆಯೊಳಗೆ ಡಾಕ್ಟರಿಂದ ಪರೀಕ್ಷೆ ಮಾಡಿಸ್ಬೇಕು, ಮಾಡಿಸ್ಲಿಲ್ಲ ಅಂದ್ರೆ ಕಸ್ಟಡಿಯಿಂದ ಬಿಡ್ಬೇಕು. ಅರೆಸ್ಟ್ ಆಗಿದ್ರೆ ಟೈಮ್ ನೋಡ್ಕೊಂಡಿರಿ, ಜೊತೇಲಿ ಇರೋರಿಗೂ ಹೇಳಿ.

ಊದಿ ಆದ್ಮೇಲೆ ಮಷಿನ್‌ನಿಂದ ಬಸ್ ಟಿಕೆಟ್ ಥರದ ಚೀಟಿ ಬರುತ್ತೆ. ಅದರಲ್ಲಿರೋ ಟೈಮು, ಹೆಸರು, ಗಾಡಿ ನಂಬರ್, ರೀಡಿಂಗ್ ಎಲ್ಲಾ ಓದಿ ಸೈನ್ ಹಾಕಿ, ಒಂದು ಕಾಪಿ ಕೇಳಿ, ಕೊಡ್ಲಿಲ್ಲ ಅಂದ್ರೆ ಫೋಟೋ ತಗೊಳ್ಳೋಕೆ ಅವಕಾಶ ಕೇಳಿ. ಆ ಪೇಪರ್ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ, ಕಾಪಿ ಕೊಟ್ಟಿದ್ರೂ ಅವತ್ತೇ ಫೋಟೋ ತೆಗೆದಿಟ್ಕೊಳ್ಳಿ.

4. ಗಾಡಿ ಎಲ್ಲಿ ಹೋಗುತ್ತೆ

ರೀಡಿಂಗ್ ಜಾಸ್ತಿ ಬಂದ ಮೇಲೆ ನೀವಂತೂ ಗಾಡಿ ಮುಟ್ಟೋ ಹಾಗಿಲ್ಲ. ಬೆಂಗಳೂರಲ್ಲಿ ಸಾಮಾನ್ಯವಾಗಿ ಗಾಡಿಯನ್ನ ಸ್ಟೇಷನ್‌ಗೆ ತಗೊಂಡ್ಹೋಗಿ ನಿಲ್ಲಿಸ್ತಾರೆ, ಕೋರ್ಟಲ್ಲಿ ದಂಡ ಕಟ್ಟಿದ ರಶೀದಿ ತೋರಿಸಿದ ಮೇಲೆ ಬಿಡ್ತಾರೆ. ತೆಲಂಗಾಣ ಹೈಕೋರ್ಟ್ 2021ರಲ್ಲಿ ಈ ವಿಷ್ಯಕ್ಕೆ ಸ್ಪಷ್ಟ ನಿಯಮ ಹಾಕಿದೆ, ಜೊತೇಲಿ ಕುಡೀದೇ ಇರೋ ಲೈಸೆನ್ಸ್ ಇರೋರು ಇದ್ರೆ ಗಾಡಿ ಅವ್ರಿಗೆ ಕೊಡ್ಬೇಕು, ಇಲ್ದಿದ್ರೆ ಮನೆಯವ್ರನ್ನ ಕರೆಸ್ಬೇಕು, ಯಾರೂ ಬರದಿದ್ರೆ ಮಾತ್ರ ಸ್ಟೇಷನ್‌ಗೆ ಅಂತ. ಅದು ಅಲ್ಲಿನ ಆದೇಶ, ನಮ್ಮ ಪೊಲೀಸ್ರನ್ನ ಕಟ್ಟಿಹಾಕಲ್ಲ, ಆದ್ರೂ ಮನೆಯಿಂದ ಯಾರಾದ್ರೂ ಬರೋ ಹಾಗಿದ್ರೆ ಫೋನ್ ಮಾಡಿ ಕರೆಸಿ ಕೇಳೋದ್ರಲ್ಲಿ ತಪ್ಪಿಲ್ಲ.

ಗಾಡಿ ಬಿಟ್ಟು ಬರೋ ಮುಂಚೆ ಮಾಡ್ಬೇಕಾದ ಕೆಲಸ: ಡಿಕ್ಕಿ, ಸೀಟ್ ಕೆಳಗೆ, ಡ್ಯಾಶ್‌ಬೋರ್ಡ್ ಎಲ್ಲಾ ಖಾಲಿ ಮಾಡಿ, ಲ್ಯಾಪ್‌ಟಾಪ್ ಚಾರ್ಜರ್ ಮನೆ ಬೀಗದಕೈ ಏನೂ ಬಿಡ್ಬೇಡಿ, ಸುತ್ತ ನಾಲ್ಕು ಫೋಟೋ ಹೊಡೀರಿ, ಓಡೋಮೀಟರ್ ಒಂದು ಫೋಟೋ. ಗಾಡಿ ಸೀಜ್ ಮಾಡಿದ್ದಕ್ಕೆ, ಡಿಎಲ್ ತಗೊಂಡಿದ್ದಕ್ಕೆ ಬರಹದಲ್ಲಿ ಚೀಟಿ ಇಸ್ಕೊಳ್ಳಿ. ಆ ಚೀಟಿ ಬಗ್ಗೆ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಡಿಎಲ್ ಬದಲಿಗೆ ಕೊಟ್ಟ ಚೀಟಿ ಇಟ್ಕೊಂಡು ಗಾಡಿ ಓಡಿಸ್ಬಹುದು ಅಂತ ತುಂಬಾ ಜನ ನಂಬಿದ್ದಾರೆ. ಈ ಥರ 206ನೇ ಸೆಕ್ಷನ್‌ನ ನಾಲ್ಕನೇ ಉಪವಿಭಾಗದಲ್ಲಿ ತಗೊಂಡಿದ್ರೆ ಆ ಚೀಟಿ ಬರೀ ಸ್ವೀಕೃತಿ, ಓಡಿಸೋ ಪರ್ಮಿಷನ್ ಅಲ್ಲ.

5. ಕೋರ್ಟ್

ಬೆಂಗಳೂರಲ್ಲಾದ್ರೆ ಎಂಎಂಟಿಸಿ ಅಂತ ಕರೆಯೋ ಟ್ರಾಫಿಕ್ ಕೋರ್ಟ್‌ಗಳಿವೆ, ತಾಲೂಕುಗಳಲ್ಲಿ ಜೆಎಂಎಫ್‌ಸಿ, ಅಂದ್ರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟ್. ನೋಟಿಸ್‌ನಲ್ಲಿ ಯಾವ ಕೋರ್ಟು ಯಾವ ದಿನ ಅಂತ ಇರುತ್ತೆ. ಆಧಾರ್, ಆರ್‌ಸಿ, ಇನ್ಶೂರೆನ್ಸ್, ಪೊಲೀಸ್ರು ಕೊಟ್ಟ ಎಲ್ಲಾ ಚೀಟಿ, ಮತ್ತೆ ದುಡ್ಡು ತಗೊಂಡು ಬೆಳಿಗ್ಗೆನೇ ಹೋಗಿ. ಗೇಟ್ ಹತ್ರ "ಅಣ್ಣ ಡಿಡಿ ಕೇಸಾ, ಬನ್ನಿ ಕಮ್ಮೀಲಿ ಮುಗಿಸ್ಕೊಡ್ತೀವಿ" ಅನ್ನೋರು ಸಿಗ್ತಾರೆ, ಅವ್ರಿಗೆ ಕೈ ಮುಗಿದು ಮುಂದೆ ಹೋಗಿ. ವಕೀಲರು ಬೇಕು ಅನ್ನಿಸಿದ್ರೆ ನೀವೇ ಹುಡುಕಿ ಮಾತಾಡ್ಕೊಳ್ಳಿ. ಫೀಸ್ ಕೊಡೋ ಶಕ್ತಿ ಇಲ್ಲದಿದ್ರೆ 15100ಗೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಮ್ಮಿ ಇರೋರಿಗೆ ವಕೀಲರನ್ನ ಉಚಿತವಾಗಿ ಕೊಡ್ತಾರೆ.

ಒಳಗೆ ಹೆಸರು ಕೂಗ್ತಾರೆ, ನಿಮ್ಮ ಮೇಲಿರೋ ಆರೋಪ ಓದಿ ಒಪ್ಕೊಳ್ತೀರಾ ಅಂತ ಕೇಳ್ತಾರೆ. ಹೆಚ್ಚಿನೋರು ಒಪ್ಕೊಂಡು ದಂಡ ಕಟ್ಟಿ ಹೊರಗೆ ಬರ್ತಾರೆ, ಎಲ್ಲಾ ಎರಡು ನಿಮಿಷದ ಕೆಲಸ. ಮೊದಲ ಸಲಕ್ಕೆ ಕಾನೂನಲ್ಲಿರೋ ಶಿಕ್ಷೆ ಹೀಗೆ: ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಮೊದಲ ಸಲ ಯಾರಿಗೂ ಪೆಟ್ಟಾಗದೇ ಇದ್ರೆ ಸಾಮಾನ್ಯವಾಗಿ ದಂಡದಲ್ಲೇ ಮುಗಿಯುತ್ತೆ, ಆದ್ರೆ ಜೈಲಿಗೆ ಕಳಿಸೋ ಅಧಿಕಾರ ಮ್ಯಾಜಿಸ್ಟ್ರೇಟ್ ಹತ್ರ ಪೂರ್ತಿ ಇದೆ, ಹಾಗಾಗಿ "ಏನ್ ಮಹಾ ಹತ್ತು ಸಾವಿರ" ಅನ್ನೋ ಮುಖ ಇಟ್ಕೊಂಡು ಕಟಕಟೆಗೆ ಹೋಗ್ಬೇಡಿ.

ಒಪ್ಕೊಂಡ್ರಿ ಅಂದ್ರೆ ಅದು ಅಪರಾಧ ಸಾಬೀತಾದ ಲೆಕ್ಕ. ರಶೀದಿ ನೋಡಿದ್ರೆ ದಂಡ ಅಷ್ಟೆ ಅನ್ಸುತ್ತೆ, ಆದ್ರೆ ನಾಳೆ ಇನ್ನೊಂದ್ ಸಲ ಸಿಕ್ಕಿಬಿದ್ರೆ ಇದೇ ಮೊದಲ ಅಪರಾಧ ಅಂತ ಎಣಿಸ್ತಾರೆ. ನಿಜವಾಗ್ಲೂ ಕುಡಿದಿರ್ಲಿಲ್ಲ, ಮಷಿನ್ ತಪ್ಪು ಅಂತ ನಿಮಗೆ ಗ್ಯಾರಂಟಿ ಇದ್ರೆ ಒಪ್ಕೋಬೇಡಿ, ಕೇಸ್ ನಡೆಸಿ. ಮಷಿನ್ ಕ್ಯಾಲಿಬ್ರೇಷನ್, ಅಂದ್ರೆ ಅದು ಸರಿಯಾಗಿ ಅಳೆಯುತ್ತಾ ಅಂತ ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್, ಊದಿದ ಚೀಟಿ, ಅರೆಸ್ಟ್ ಆಗಿದ್ರೆ ಎರಡು ಗಂಟೆಯೊಳಗೆ ಡಾಕ್ಟರ್ ನೋಡಿದ್ರಾ ಅನ್ನೋದು, ಇವೆಲ್ಲ ಆಗ ಪ್ರಶ್ನೆಗೆ ಬರುತ್ತೆ. ಬರೀ ಬಾಯಿ ವಾಸನೆ ಬರ್ತಿತ್ತು, ತೂರಾಡ್ತಿದ್ದ ಅನ್ನೋದಷ್ಟೇ ಕುಡಿದಿದ್ದಕ್ಕೆ ಪುರಾವೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ಒಂದು ಕೇಸಲ್ಲಿ ಹೇಳಿದೆ.

ಎಲ್ಲದಕ್ಕಿಂತ ಕೆಟ್ಟದ್ದು ಕೋರ್ಟಿಗೇ ಹೋಗದೆ ಇರೋದು. ನಮ್ಮ ಬೀದಿ ಹುಡುಗ ಒಬ್ಬ, ಹಳೇ ಬೈಕು, ಮಾರಿದ್ರೆ ಎಂಟು ಸಾವಿರ ಬರಲ್ಲ, ಅದಕ್ಕ್ಯಾಕೆ ಹತ್ತು ಸಾವಿರ ಕಟ್ಲಿ ಅಂತ ಬೈಕನ್ನೇ ಸ್ಟೇಷನ್‌ನಲ್ಲಿ ಬಿಟ್ಟು ಸುಮ್ನಾಗಿದ್ದ. ಹೀಗೆ ಬಿಟ್ಟುಹೋದ ಬೈಕ್‌ಗಳು ಸ್ಟೇಷನ್ ಕಾಂಪೌಂಡ್‌ಗಳಲ್ಲಿ ತುಕ್ಕು ಹಿಡಿದು ಬಿದ್ದಿರೋದನ್ನ ನೀವೂ ನೋಡಿರ್ತೀರ. ಬೈಕ್ ಬಿಟ್ರೆ ಕೇಸ್ ಬಿಡಲ್ಲ. ಸಮನ್ಸ್ ಬರುತ್ತೆ, ಆಮೇಲೆ ವಾರಂಟ್. ಇವನಿಗೆ ದುಬೈಲಿ ಕೆಲಸ ಸಿಕ್ಕಿ ಪಾಸ್‌ಪೋರ್ಟ್‌ಗೆ ಹಾಕಿದಾಗ ಪೊಲೀಸ್ ವೆರಿಫಿಕೇಷನ್‌ನಲ್ಲಿ ಕೇಸ್ ಬಾಕಿ ಅಂತ ಬಂತು. ಕ್ರಿಮಿನಲ್ ಕೇಸ್ ಕೋರ್ಟಲ್ಲಿ ಬಾಕಿ ಇದ್ರೆ ಪಾಸ್‌ಪೋರ್ಟ್ ನಿರಾಕರಿಸೋಕೆ ಕಾಯ್ದೆಯಲ್ಲೇ ಅವಕಾಶ ಇದೆ. ಕೊನೆಗೆ ಓಡಾಡಿ ದಂಡ ಕಟ್ಟಿ ಕೇಸ್ ಮುಗಿಸ್ಕೊಂಡು ಆದೇಶದ ಕಾಪಿ ತಗೊಂಡ್ಹೋಗಿ ಕೊಟ್ಟ, ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿತ್ತು.

6. ಲೈಸೆನ್ಸ್

ದಂಡ ಕಟ್ಟಿ ಗಾಡಿ ಬಿಡಿಸ್ಕೊಂಡ ಮೇಲೆ ಮುಗೀತು ಅಂತ ನಿಟ್ಟುಸಿರು ಬಿಡ್ತಾರೆ. ಆರ್‌ಟಿಒದಿಂದ ಕಾಗದ ಬರೋದು ಆಮೇಲೆ. ಪೊಲೀಸ್ರು ನಿಮ್ಮ ಡಿಎಲ್ ಅನ್ನ ಆರ್‌ಟಿಒಗೆ ಕಳಿಸ್ಬೇಕು ಅಂತ ಕಾನೂನಲ್ಲೇ ಇದೆ, ಅಲ್ಲಿಂದ 19ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹತೆ, ಎರಡನೇ ಸಲ ಅಂದ್ರೆ ಲೈಸೆನ್ಸೇ ರದ್ದು. ಸುಮ್ನೆ ಮಾಡೋ ಹಾಗಿಲ್ಲ, ನಿಮ್ಮ ಮಾತು ಕೇಳೋಕೆ ಅವಕಾಶ ಕೊಡ್ಬೇಕು, ಆದೇಶದಲ್ಲಿ ಕಾರಣ ಬರೀಬೇಕು. ಆದ್ದರಿಂದ ಆ ನೋಟಿಸ್ ಬಂದಾಗ ಉತ್ತರ ಕೊಡಿ, ಖುದ್ದಾಗಿ ಹೋಗಿ. ಬಹಳಷ್ಟು ಜನಕ್ಕೆ ನೋಟಿಸ್ ತಲುಪೋದೇ ಇಲ್ಲ, ಯಾಕಂದ್ರೆ ಡಿಎಲ್‌ನಲ್ಲಿ ಇರೋದು ಊರಿನ ವಿಳಾಸ, ಇರೋದು ಬೆಂಗಳೂರಲ್ಲಿ. ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಲ್ಲಿ ನಿಮ್ಮ ಡಿಎಲ್ ಸ್ಟೇಟಸ್ ಆಗಾಗ ನೋಡ್ತಿರಿ.

ಆ ಮೂರು ತಿಂಗಳಲ್ಲಿ "ಇಲ್ಲೇ ಹಾಲು ತರೋಕೆ" ಅಂತ ಸ್ಕೂಟರ್ ತೆಗೆದು ಸಿಕ್ಕಿಬಿದ್ರೆ ಅದು 182, ಮೂರು ತಿಂಗಳವರೆಗೆ ಜೈಲು ಇಲ್ಲವೇ 10,000 ದಂಡ ಇಲ್ಲವೇ ಎರಡೂ. ಕ್ಯಾಬ್, ಆಟೋ, ಡೆಲಿವರಿ ಕೆಲಸದೋರಿಗೆ ನಿಜವಾದ ಹೊಡೆತ ಇದೇ. ಹತ್ತು ಸಾವಿರ ಸಾಲ ಮಾಡಿ ಕಟ್ಬಹುದು, ಮೂರು ತಿಂಗಳ ದುಡಿಮೆ, ಗಾಡಿ ಇಎಂಐ, ಮನೆ ಬಾಡಿಗೆ ಎಲ್ಲಿಂದ ತರೋದು? ಸಂಬಳದೋರಿಗೆ ಕಿರಿಕಿರಿ ಅಷ್ಟೆ ಆಗೋ ಶಿಕ್ಷೆ ಇವ್ರಿಗೆ ಅನ್ನದ ಪ್ರಶ್ನೆ ಆಗುತ್ತೆ, ಕಾನೂನಿಗೆ ಆ ವ್ಯತ್ಯಾಸ ಗೊತ್ತಿಲ್ಲ.

7. ಆಕ್ಸಿಡೆಂಟ್ ಆಗಿದ್ರೆ ಲೆಕ್ಕವೇ ಬೇರೆ

ಮೊದಲ ಕೆಲಸ, ಓಡಿಹೋಗ್ಬೇಡಿ. 112ಗೆ ಫೋನ್ ಮಾಡಿ, ಪೆಟ್ಟಾದೋರನ್ನ ಆಸ್ಪತ್ರೆಗೆ ಸೇರಿಸಿ, ಪೊಲೀಸ್ರಿಗೆ ತಿಳಿಸಿ, ಇದು 134ನೇ ಸೆಕ್ಷನ್ ಹೇಳೋ ಕರ್ತವ್ಯ. ಯಾರಾದ್ರೂ ತೀರ್ಕೊಂಡ್ರೆ ನ್ಯಾಯ ಸಂಹಿತೆ 106ರಲ್ಲಿ ಐದು ವರ್ಷದವರೆಗೆ ಜೈಲು, ಹಳೇ ಐಪಿಸಿಯಲ್ಲಿ ಇದು ಎರಡೇ ವರ್ಷ ಇತ್ತು. ಆದ್ರೆ ಕುಡಿದಿದ್ರೆ ಪೊಲೀಸ್ರು 105 ಹಾಕೋ ಸಾಧ್ಯತೆ ಇದೆ, ಅಂದ್ರೆ ಕೊಲೆಯಲ್ಲದ ನರಹತ್ಯೆ, ಹೀಗಾಗ್ಬಹುದು ಅಂತ ಗೊತ್ತಿದ್ದೂ ಮಾಡಿದ್ರು ಅನ್ನೋ ಲೆಕ್ಕಕ್ಕೆ ಹತ್ತು ವರ್ಷದವರೆಗೆ. ಮುಂಬೈನ ಕಾರ್ಟರ್ ರೋಡಲ್ಲಿ 2006ರಲ್ಲಿ ಕುಡಿದ ಯುವಕ ಒಬ್ಬ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಕಾರ್ ಹತ್ತಿಸಿ ಏಳು ಜನ ಸತ್ತ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದೇ ವಾದ ಒಪ್ಕೊಂಡಿತು.

ಕುಡಿದು ಓಡಿಸಿದ್ರೆ ನಂಗೊಬ್ಬನಿಗೆ ತಾನೇ ರಿಸ್ಕು ಅನ್ನೋರಿಗೆ 2025ರ ಅಕ್ಟೋಬರ್ ನೆನಪಿರ್ಬೇಕು. ಹೈದರಾಬಾದಿಂದ ಬೆಂಗಳೂರಿಗೆ ಬರ್ತಿದ್ದ ಸ್ಲೀಪರ್ ಬಸ್ಸು ಕರ್ನೂಲ್ ಹತ್ರ ಸುಟ್ಟುಹೋಯ್ತಲ್ಲ, ಅದಕ್ಕೆ ಮುಂಚೆ ಒಬ್ಬ ಬೈಕ್ ಸವಾರ ರೋಡಲ್ಲಿ ಬಿದ್ದು ಸತ್ತಿದ್ದ, ಅವನ ಬೈಕು ಅಲ್ಲೇ ಅಡ್ಡ ಬಿದ್ದಿತ್ತು, ಬಸ್ಸು ಅದರ ಮೇಲೆ ಹತ್ತಿ ಎಳ್ಕೊಂಡು ಹೋಗಿ ಬೆಂಕಿ ಹತ್ಕೊಂಡಿತು. ಸವಾರ ಕುಡಿದಿದ್ದ ಅಂತ ಆಮೇಲೆ ಫೊರೆನ್ಸಿಕ್ ವರದಿ ಬಂತು.

ಇನ್ಶೂರೆನ್ಸ್ ಕಂಪನಿಗಳು ಇಲ್ಲಿ ಬಹಳ ಚುರುಕು. ನಿಮ್ಮ ಗಾಡಿ ಡ್ಯಾಮೇಜ್‌ಗೆ ಒಂದು ಪೈಸೆ ಬರಲ್ಲ, ಪಾಲಿಸಿಯಲ್ಲೇ ಹಾಗಿರುತ್ತೆ. ಊದಿಸಿದ ರೀಡಿಂಗ್ ಇಲ್ದಿದ್ರೂ ಬೇರೆ ಸಾಕ್ಷಿಯಿಂದ ಕುಡಿದಿದ್ದು ಗೊತ್ತಾದ್ರೆ ಕ್ಲೇಮ್ ತಿರಸ್ಕರಿಸ್ಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಮಾಲೀಕ ಡ್ರೈವರ್‌ಗೆ ಅಂತ ಕಡ್ಡಾಯವಾಗಿ ಮಾಡಿಸೋ 15 ಲಕ್ಷದ ಅಪಘಾತ ವಿಮೆಯೂ ಕುಡಿದು ಸತ್ರೆ ಸಿಗಲ್ಲ, ಮನೆಯವ್ರಿಗೆ ಹೋಗ್ಬೇಕಾದ ದುಡ್ಡು ಅದು. ಎದುರಿನವ್ರಿಗೆ ಪೆಟ್ಟಾಗಿದ್ರೆ ಕೆಲವು ಸಲ ಕೋರ್ಟು ಕಂಪನಿಗೆ "ಮೊದ್ಲು ನೀನು ಕೊಡು, ಆಮೇಲೆ ಮಾಲೀಕನ ಹತ್ರ ವಸೂಲಿ ಮಾಡ್ಕೋ" ಅನ್ನುತ್ತೆ, ಆ ವಸೂಲಿ ಅಂದ್ರೆ ಸೈಟು ಜಮೀನು ಮಾರೋ ಮಟ್ಟಕ್ಕೆ ಹೋಗ್ಬಹುದು.

8. ಎರಡನೇ ಸಲ, ಮತ್ತೆ ಗಾಡಿ ಕೊಟ್ಟೋರು

ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ, ಲೈಸೆನ್ಸ್ ವಿಷ್ಯ ಮೇಲೆ ಹೇಳಿದೆ. ಈ ಹಂತದಲ್ಲಿ ವಕೀಲರಿಲ್ದೆ ಕೋರ್ಟಿಗೆ ಹೋಗ್ಬೇಡಿ.

ಕುಡಿದಿದ್ದಾನೆ ಅಂತ ಗೊತ್ತಿದ್ದೂ "ಹೋಗ್ಬಾ ಮಚ್ಚಾ ಏನಾಗಲ್ಲ" ಅಂತ ಕೀ ಕೊಟ್ಟೋರಿಗೂ, ಓಡಿಸು ಅಂತ ಹುರಿದುಂಬಿಸಿದೋರಿಗೂ 188ನೇ ಸೆಕ್ಷನ್ ಇದೆ, ಓಡಿಸಿದೋನಿಗೆ ಎಷ್ಟು ಶಿಕ್ಷೆಯೋ ಅಷ್ಟೇ. ಹದಿನೆಂಟು ತುಂಬದ ಹುಡುಗ ಓಡಿಸಿದ್ರೆ, ಕುಡಿದಿರ್ಲಿ ಬಿಡ್ಲಿ, 199ಎ ಪ್ರಕಾರ ಅಪ್ಪ ಅಮ್ಮ ಇಲ್ಲವೇ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು, ಆ ಹುಡುಗನಿಗೆ 25 ವರ್ಷ ತುಂಬೋವರೆಗೂ ಡಿಎಲ್ ಇಲ್ಲ.

9. ಅಮೆರಿಕ ವೀಸಾ ಕನಸಿರೋರಿಗೆ

ಇದನ್ನ ಯಾರೂ ಹೇಳಲ್ಲ ಅಂತ ಬರೀತಿದೀನಿ. ಅಮೆರಿಕ ವೀಸಾಗೆ ತುಂಬೋ ಡಿಎಸ್ 160 ಫಾರಂನಲ್ಲಿ ಯಾವತ್ತಾದ್ರೂ ಅರೆಸ್ಟ್ ಆಗಿದ್ದೀರಾ ಅಥವಾ ಶಿಕ್ಷೆ ಆಗಿದೆಯಾ ಅನ್ನೋ ಪ್ರಶ್ನೆ ಇದೆ, ಯಾವ ದೇಶದಲ್ಲಿ ಆಗಿದ್ರೂ ಅದಕ್ಕೆ ಉತ್ತರ ಕೊಡ್ಬೇಕು. ಇಂದಿರಾನಗರದಲ್ಲಿ ಸಿಕ್ಕಿಬಿದ್ದು ಕೋರ್ಟಲ್ಲಿ ಒಪ್ಕೊಂಡು ದಂಡ ಕಟ್ಟಿದ್ದೂ ಅದ್ರಲ್ಲಿ ಬರುತ್ತೆ. ಐದು ವರ್ಷದೊಳಗೆ ಒಂದು ಕುಡಿತದ ಅರೆಸ್ಟ್ ಇದ್ರೆ ಅವ್ರು ಹೇಳಿದ ಡಾಕ್ಟರ್ ಹತ್ರ ಮೆಡಿಕಲ್‌ಗೆ ಕಳಿಸೋದು ಮಾಮೂಲು. ಈಗಾಗ್ಲೇ ಅಲ್ಲಿ ಎಚ್1ಬಿ ಕೆಲಸದ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಇರೋರಿಗೆ ಇನ್ನೊಂದು ಕಷ್ಟ, ಅಲ್ಲಿ ಹೆಚ್ಚಿನ ಕಡೆ ಲಿಮಿಟ್ ನಮ್ಮದಕ್ಕಿಂತ ಜಾಸ್ತಿ, 80 ಮಿಲಿಗ್ರಾಂ, ಯೂಟಾದಲ್ಲಿ 50, ಆದ್ರೆ ಡಿಯುಐ (ಅಲ್ಲಿ ಕುಡಿದು ಓಡಿಸೋ ಕೇಸಿಗಿರೋ ಹೆಸರು) ಅರೆಸ್ಟ್ ಆದ್ರೆ ಸಾಕು, ಶಿಕ್ಷೆ ಆಗೋ ಮುಂಚೆನೇ ವೀಸಾ ರದ್ದು ಮಾಡಿ ಇಮೇಲ್ ಕಳಿಸ್ತಾರೆ, ಊರಿಗೆ ಬಂದೋರು ಹೊಸ ವೀಸಾ ಇಲ್ದೆ ವಾಪಸ್ ಹೋಗೋಕಾಗಲ್ಲ. ಸುಳ್ಳು ಬರೆದು ಸಿಕ್ಕಿಬೀಳೋದು ಕೇಸಿಗಿಂತ ದೊಡ್ಡ ತೊಂದರೆ, ಹೌದು ಅಂತಾನೇ ಬರೀರಿ, ಕೋರ್ಟ್ ಆದೇಶದ ಸರ್ಟಿಫೈಡ್ ಕಾಪಿ, ದಂಡ ಕಟ್ಟಿದ ರಶೀದಿ ಎರಡನ್ನೂ ಇಂಟರ್‌ವ್ಯೂಗೆ ತಗೊಂಡ್ಹೋಗಿ. ಆ ಕಾಪಿಗೆ ವರ್ಷಗಳಾದ್ಮೇಲೆ ಅರ್ಜಿ ಹಾಕಿದ್ರೆ ರೆಕಾರ್ಡ್ ರೂಮಲ್ಲಿ ಫೈಲ್ ಹುಡುಕ್ಸೋದೇ ಒಂದು ಸಾಹಸ, ದಂಡ ಕಟ್ಟಿದ ದಿನವೇ ಕಾಪಿಗೆ ಅರ್ಜಿ ಕೊಟ್ಟು ಬನ್ನಿ.